ಸಿಗರೇಟಿನ ತೆರಿಗೆಯಿಂದ ಆಸ್ಪತ್ರೆ ನಡೆಸಬಹುದೇ?

ಪ್ರಶ್ನೆ: ನಾನು ಪಿರಿಯಾಪಟ್ಟಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ಅಣ್ಣ ಹೊಗೆಸೊಪ್ಪು ಬೆಳೆಯುತ್ತಾನೆ. ಅಪ್ಪ ನಲವತ್ತು ವರ್ಷ ಬೀಡಿ ಸೇದಿದವರು, ಈಗ ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾರೆ. 2026ರ ಫೆಬ್ರುವರಿಯಲ್ಲಿ ಸಿಗರೇಟಿನ ಮೇಲೆ ಹೊಸ ತೆರಿಗೆ ಬಂದಾಗ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಜೋರು ಚರ್ಚೆಯಾಯಿತು. ಇನ್ನೂ ಏರಿಸಲಿ, ಬಂದ ಹಣವನ್ನೆಲ್ಲ ಸರ್ಕಾರಿ ಆಸ್ಪತ್ರೆಗಳಿಗೆ ಕೊಡಲಿ ಎಂದು ನಾನು ವಾದಿಸಿದೆ. “ಸೇದುವವರು ಬಿಟ್ಟರೆ ಆಸ್ಪತ್ರೆಗೆ ಹಣ ಎಲ್ಲಿಂದ? ಬಿಡದಿದ್ದರೆ ಬಡವನ ಜೇಬಿಗೆ ಕತ್ತರಿಯಲ್ಲವೇ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಯಾರ ಮಾತು ಸರಿ?

ಉತ್ತರ: ಮೇಷ್ಟ್ರೇ, ನಿಮ್ಮ ಸಹೋದ್ಯೋಗಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸೇದುವವರು ಕಡಿಮೆಯಾಗಬೇಕು, ಖಜಾನೆಗೆ ಬರುವ ಹಣ ಮಾತ್ರ ಹೆಚ್ಚಬೇಕು ಎಂದರೆ ಕೇಳುವವರಿಗೆ ಅದು ಆಗದ ಹೋಗದ ಮಾತೆನಿಸುತ್ತದೆ. ಆದರೆ ನಿಮ್ಮ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡಿ ನೋಡಿ.

ಒಂದು ಊರಿನ ಅಂಗಡಿಗಳಲ್ಲಿ ದಿನಕ್ಕೆ 1,000 ಸಿಗರೇಟು ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳೋಣ. ಒಂದರ ಬೆಲೆ 10 ರೂಪಾಯಿ, ಅದರಲ್ಲಿ 5 ರೂಪಾಯಿ ತೆರಿಗೆ. ಸರ್ಕಾರಕ್ಕೆ ದಿನಕ್ಕೆ 5,000 ರೂಪಾಯಿ ಬರುತ್ತದೆ. ಈಗ ತೆರಿಗೆಯನ್ನು 3 ರೂಪಾಯಿ ಏರಿಸಿದರೆ ಬೆಲೆ 13 ರೂಪಾಯಿ ಆಯಿತು, ಅಂದರೆ ಶೇ 30ರಷ್ಟು ಏರಿಕೆ. ನಮ್ಮಂಥ ದೇಶಗಳಲ್ಲಿ ಬೆಲೆ ಶೇ 10ರಷ್ಟು ಏರಿದರೆ ಬಳಕೆ ಸುಮಾರು ಶೇ 5ರಷ್ಟು ಇಳಿಯುತ್ತದೆ ಎಂಬುದು ಹಲವು ದೇಶಗಳ ಅನುಭವದಿಂದ ಗಟ್ಟಿಯಾದ ಅಂದಾಜು. ಹಾಗಾದರೆ ಇಲ್ಲಿ ಶೇ 15ರಷ್ಟು ಇಳಿಯುತ್ತದೆ. 850 ಸಿಗರೇಟು, ಒಂದಕ್ಕೆ 8 ರೂಪಾಯಿ ತೆರಿಗೆ, ಒಟ್ಟು 6,800. ಸೇದಿದ್ದು ದಿನಕ್ಕೆ 150 ಕಡಿಮೆ, ಬಂದ ಹಣ 1,800 ರೂಪಾಯಿ ಹೆಚ್ಚು. ಚಟ ಒಂದೇ ದಿನದಲ್ಲಿ ಬಿಟ್ಟುಹೋಗುವಂಥದ್ದಲ್ಲ, ಬೆಲೆ ಏರಿದಷ್ಟು ವೇಗವಾಗಿ ಬಳಕೆ ಇಳಿಯುವುದಿಲ್ಲ. ಗುಟ್ಟು ಇಷ್ಟೆ.

ಇದು ಎಂದೆಂದಿಗೂ ನಡೆಯುವ ಲೆಕ್ಕವಲ್ಲ ಎನ್ನುವುದೂ ನಿಜ. ಹತ್ತು, ಹದಿನೈದು, ಇಪ್ಪತ್ತು ವರ್ಷ ನಡೆಯಬಹುದು, ಆಮೇಲೆ ಹಣವೂ ಇಳಿಯುತ್ತದೆ. ಆದ್ದರಿಂದಲೇ ದಾದಿಯರ ಸಂಬಳ, ಔಷಧ ಖರೀದಿಯಂಥ ನಿತ್ಯದ ಖರ್ಚನ್ನು ಸಿಗರೇಟಿನ ತೆರಿಗೆಗೆ ಗಂಟು ಹಾಕುವುದನ್ನು ನಾನು ಒಪ್ಪುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಹಣ ಕೊಡುವುದು ಸರ್ಕಾರದ ಕರ್ತವ್ಯ. ಆ ಹಣ ಯಾರೋ ಸೇದುತ್ತಲೇ ಇರುವುದನ್ನು ನಂಬಿಕೊಂಡು ನಿಲ್ಲಬಾರದು. ನಿಮ್ಮ ವಾದವನ್ನು ನಾನು ತಿದ್ದುವುದು ಇಲ್ಲಿಯೇ. ತೆರಿಗೆ ಏರಿಸಲು ಮೊದಲ ಕಾರಣ ಹಣವಲ್ಲ, ಬೆಲೆ. ಬೆಲೆಯೇ ಮದ್ದು, ಅದು ಕೆಲಸ ಮಾಡುವುದು ಅಂಗಡಿಯ ಮುಂದೆ. ಹಣ ಅದರ ಬೆನ್ನಿಗೆ ಬರುವ ಲಾಭ.

ಅಂಗಡಿಯ ಮುಂದೆ ಎಂದೆ. ನಾನು ಕೆಲಸ ಮಾಡಿದ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಿಂದ ಸ್ವಲ್ಪ ದೂರದಲ್ಲಿ, ಬಸ್ ನಿಲ್ಲುವ ಕಡೆ, ಒಂದು ಗೂಡಂಗಡಿ ಇತ್ತು. ಬಾಗಿಲ ಕಂಬಕ್ಕೆ ದಾರದಲ್ಲಿ ಒಂದು ಲೈಟರ್ ನೇತಾಡುತ್ತಿತ್ತು. ಸಂಜೆ ಬಸ್ಸಿಗೆ ಕಾಯುತ್ತಾ ಎಷ್ಟೋ ದಿನ ಅಲ್ಲಿ ನಿಂತು ನೋಡಿದ್ದೇನೆ. ಪೂರ್ತಿ ಪ್ಯಾಕು ಕೊಳ್ಳುವವರು ಅಪರೂಪ. ಒಂದು ಸಿಗರೇಟು, ಒಂದು ಚಹಾ. ಅಂಗಡಿಯವನು ಪ್ಯಾಕಿನಿಂದ ಒಂದನ್ನು ಎಳೆದು ಕೈಗಿಡುತ್ತಿದ್ದ. ಪ್ಯಾಕಿನ ಮೇಲೆ ಶೇ 85ರಷ್ಟು ಜಾಗ ತುಂಬಿರುವ ಕ್ಯಾನ್ಸರ್ ಚಿತ್ರವನ್ನು ದಿನವಿಡೀ ನೋಡುತ್ತಿದ್ದವನು ಅಂಗಡಿಯವನು ಮಾತ್ರ, ಸೇದುವವನ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ. ಬೆಲೆ ಒಂದು ರೂಪಾಯಿ ಏರಿದಾಗ ಪ್ಯಾಕು ಕೊಳ್ಳುತ್ತಿದ್ದ ಕೆಲವರು ಬಿಡಿ ಸಿಗರೇಟಿಗೆ ಇಳಿದರು, ಕಾಲೇಜಿನ ಹುಡುಗರು ಇಬ್ಬರಿಗೊಂದು ಮಾಡಿಕೊಂಡರು. ಬಿಟ್ಟವರು ನನ್ನ ಕಣ್ಣಿಗೆ ಬೀಳಲಿಲ್ಲ.

ವರ್ಷಕ್ಕೊಮ್ಮೆ ಒಂದು ರೂಪಾಯಿ ಏರಿದರೆ ಏನೂ ಆಗುವುದಿಲ್ಲ ಎಂದು ಆಗ ನನಗೆ ಮನದಟ್ಟಾಯಿತು. ಗಾರೆ ಕೆಲಸದವನ ಕೂಲಿಯೂ ಅಷ್ಟರಲ್ಲಿ ಏರಿರುತ್ತದೆ, ಅವನ ಪಾಲಿಗೆ ಸಿಗರೇಟು ದುಬಾರಿಯಾಗಿರುವುದೇ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಎಂಟು ವರ್ಷಕ್ಕೂ ಹೆಚ್ಚು ಕಾಲ ನಮ್ಮಲ್ಲಿ ಆದದ್ದು ಇದೇ. 2020 ಮತ್ತು 2023ರ ಬಜೆಟ್‌ಗಳಲ್ಲಿ ವಿಪತ್ತು ಪರಿಹಾರಕ್ಕೆಂದು ಹಾಕುವ ಸುಂಕವನ್ನು ಒಂದಿಷ್ಟು ಏರಿಸಿದ್ದು ಬಿಟ್ಟರೆ ತೆರಿಗೆ ಹೆಚ್ಚು ಅಲುಗಾಡಲಿಲ್ಲ. ಜನರ ಆದಾಯ ಏರಿತು, ಸಿಗರೇಟು ಸುಲಭವಾಗಿ ಕೈಗೆಟುಕುವ ವಸ್ತುವಾಯಿತು. ಚಿಲ್ಲರೆ ಬೆಲೆಯಲ್ಲಿ ತೆರಿಗೆಯ ಪಾಲು ಕನಿಷ್ಠ ಶೇ 75 ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಅದು ಸಿಗರೇಟಿಗೆ ಶೇ 53ರ ಆಸುಪಾಸಿನಲ್ಲಿ, ಬೀಡಿಗೆ ಶೇ 22ರ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು. ಹೀಗಿರುವಾಗ 2026ರ ಫೆಬ್ರುವರಿ 1ರಿಂದ ಸಿಗರೇಟಿಗೆ ಶೇ 40 ಜಿಎಸ್‌ಟಿ, ಅದರ ಮೇಲೆ ಉದ್ದಕ್ಕೆ ತಕ್ಕಂತೆ ಸಾವಿರ ಸಿಗರೇಟಿಗೆ 2,050 ರೂಪಾಯಿಯಿಂದ 8,500 ರೂಪಾಯಿವರೆಗೆ ಅಬಕಾರಿ ಸುಂಕ ಬಂದಿದೆ. ಇದು ನಿಜವಾದ ಏರಿಕೆ. ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಅದೇ ದಿನ ಬೀಡಿಯ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ನಿಮ್ಮ ತಂದೆಯವರ ಎದೆಯನ್ನು ಹಾಳು ಮಾಡಿದ ವಸ್ತು ಅಗ್ಗವಾಗುವ ದಾರಿ ತೆರೆಯಿತು.

ನನಗೆ ತೀರ ನೋವು ಕೊಡುವ ಸಂಗತಿ ಇದು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ 4, ಬೀಡಿ ಸೇದುವವರು ಶೇ 7.7, ಜಗಿಯುವ ತಂಬಾಕು ಮುಂತಾದ ಹೊಗೆರಹಿತ ತಂಬಾಕು ಬಳಸುವವರು ಶೇ 21.4. ‘ತಂಬಾಕು ತೆರಿಗೆ’ ಎಂದಾಗ ಪತ್ರಿಕೆಗಳಲ್ಲಿ ಸಿಗರೇಟಿನ ಚಿತ್ರ ಬರುತ್ತದೆ, ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತಿರುವವರು ಬೀಡಿಯವರು, ಗುಟ್ಕಾದವರು. ಒಂದಕ್ಕೆ ತೆರಿಗೆ ಏರಿಸಿ ಪಕ್ಕದ್ದನ್ನು ಅಗ್ಗವಾಗಿ ಬಿಟ್ಟರೆ ಜನ ಪಕ್ಕಕ್ಕೆ ಸರಿಯುತ್ತಾರೆ. ಅಮೆರಿಕ 2009ರಲ್ಲಿ ಬಡ ಮಕ್ಕಳ ಆರೋಗ್ಯ ವಿಮೆಗೆ ಹಣ ಹೊಂದಿಸಲು ಒಂದು ಪ್ಯಾಕಿನ ಕೇಂದ್ರ ತೆರಿಗೆಯನ್ನು 39 ಸೆಂಟಿನಿಂದ 1 ಡಾಲರ್ 1 ಸೆಂಟಿಗೆ ಏರಿಸಿತು. ಉದ್ದೇಶ ಒಳ್ಳೆಯದು, ಫಲವೂ ಸಿಕ್ಕಿತು. ಆದರೆ ಕೈಯಲ್ಲಿ ಸುತ್ತಿಕೊಳ್ಳುವ ತಂಬಾಕಿಗೆ ಪೌಂಡಿಗೆ ಸುಮಾರು 25 ಡಾಲರ್ ತೆರಿಗೆ ಹಾಕಿ, ಪೈಪಿನ ತಂಬಾಕಿಗೆ ಮೂರು ಡಾಲರಿಗೂ ಕಡಿಮೆ ಇಟ್ಟರು. ತಯಾರಕರು ಅದೇ ತಂಬಾಕಿನ ಚೀಲಕ್ಕೆ ‘ಪೈಪ್ ತಂಬಾಕು’ ಎಂದು ಬೇರೆ ಚೀಟಿ ಅಂಟಿಸಿದರು. ಪೈಪಿನ ತಂಬಾಕಿನ ಮಾರಾಟ ಹಲವು ಪಟ್ಟು ಏರಿತು. ಪೈಪು ಸೇದುವವರೇನೂ ಹೆಚ್ಚಾಗಿರಲಿಲ್ಲ.

ಬೀಡಿಯ ತೆರಿಗೆ ಏರಿಸಬೇಕು ಎಂದೊಡನೆ ಬರುವ ಮಾತು, ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ದಕ್ಷಿಣ ಕನ್ನಡದ ಮನೆಗಳ ಜಗುಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ, ಸೊಪ್ಪು ತುಂಬಿ, ನೂಲು ಸುತ್ತುವ ಕೈಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆರಳ ತುದಿ ಕಂದಿರುತ್ತದೆ, ಕೆಮ್ಮು ಅವರಿಗೂ ಇರುತ್ತದೆ. ಆ ಹೆಂಗಸರನ್ನು ಮುಂದಿಟ್ಟುಕೊಂಡು ಬೀಡಿಯನ್ನು ಅಗ್ಗ ಮಾಡುವವರಿಗೆ ನಾನು ಕೇಳುವುದು ಒಂದೇ: ಜಿಎಸ್‌ಟಿಯಲ್ಲಿ ನೂರಕ್ಕೆ ಉಳಿದ ಹತ್ತು ರೂಪಾಯಿಯಲ್ಲಿ ಸಾವಿರ ಬೀಡಿ ಕಟ್ಟಿದವಳ ಮಜೂರಿಗೆ ಎಷ್ಟು ಸೇರುತ್ತದೆ?

ಅವರಿಗೆ ನೇರವಾಗಿ ತಲುಪುವ ಒಂದು ವ್ಯವಸ್ಥೆ ಈ ದೇಶದಲ್ಲಿ ಇತ್ತು. 1976ರಲ್ಲಿ ಸಂಸತ್ತು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆಗಳನ್ನು ಮಾಡಿತು. ತಯಾರಾಗುವ ಬೀಡಿಯ ಮೇಲೆ ಸಾವಿರಕ್ಕೆ ಇಷ್ಟು ಎಂದು ಸಣ್ಣದೊಂದು ಸೆಸ್, ಆ ಹಣದಿಂದ ಬೀಡಿ ಕಾರ್ಮಿಕರಿಗೆ ಚಿಕಿತ್ಸಾಲಯ, ಮನೆ ಕಟ್ಟಲು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ. ಬೀಡಿ ಕಟ್ಟಿದ ತಾಯಿಯ ಗುರುತಿನ ಚೀಟಿ ತೋರಿಸಿ ವಿದ್ಯಾರ್ಥಿವೇತನ ಪಡೆದು ಓದಿದ ಹುಡುಗಿಯರು ಕರಾವಳಿಯ ಎಷ್ಟೋ ಊರುಗಳಲ್ಲಿದ್ದಾರೆ. ತಂಬಾಕಿನ ಸುಂಕವನ್ನು ಆರೋಗ್ಯಕ್ಕೆ ಬಳಸುವ ಯೋಚನೆ ಹೊರದೇಶದಿಂದ ಬಂದದ್ದು ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. 2017ರಲ್ಲಿ ಜಿಎಸ್‌ಟಿಗೆ ದಾರಿ ಮಾಡಿಕೊಡಲು ರದ್ದಾದ ಸೆಸ್‌ಗಳಲ್ಲಿ ಇದೂ ಒಂದು. ತೆರಿಗೆ ಸರಳವಾಯಿತು, ಕಾರ್ಮಿಕರ ಕೈಗೆ ಹೋಗುತ್ತಿದ್ದ ನೇರ ಕಾಲುವೆ ಮುಚ್ಚಿತು.

ಇನ್ನು, ಬಂದ ಹಣ ಎಲ್ಲಿಗೆ ಹೋಗುತ್ತದೆ? ನಿಮ್ಮ ಶಿಕ್ಷಕರ ಕೊಠಡಿಯಲ್ಲಿ ಈ ಪ್ರಶ್ನೆ ಬಂದಿತೋ ಇಲ್ಲವೋ. ನಮ್ಮ ಸಂವಿಧಾನದ ಪ್ರಕಾರ ತೆರಿಗೆಯ ಹಣ ಮೊದಲು ಸಂಚಿತ ನಿಧಿಗೆ ಬೀಳುತ್ತದೆ, ಬಜೆಟ್ಟಿನ ಮೂಲಕವೇ ಹೊರಬರುತ್ತದೆ. ಸಿಗರೇಟಿನ ರೂಪಾಯಿಗೂ ಸೋಪಿನ ರೂಪಾಯಿಗೂ ಅಲ್ಲಿ ವ್ಯತ್ಯಾಸವಿಲ್ಲ. 2005ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನಕ್ಕೆ ಹಣ ಹೊಂದಿಸಲೆಂದು ಹೇಳಿಯೇ ಸಿಗರೇಟಿನ ಸುಂಕವನ್ನು ಸುಮಾರು ಶೇ 10 ಏರಿಸಿದರು, ಗುಟ್ಕಾ, ಪಾನ್ ಮಸಾಲಾಗಳ ಮೇಲೆ ಹೆಚ್ಚುವರಿ ಸುಂಕ ಹಾಕಿದರು. ಬೀಡಿಗೆ ಆಗಲೂ ವಿನಾಯಿತಿ. ನಿಮ್ಮೂರಿನ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಆ ಅಭಿಯಾನದ ಕೊಡುಗೆ. ಅಂದರೆ ನೀವು ಕೇಳುತ್ತಿರುವುದನ್ನು ಕೇಂದ್ರ ಸರ್ಕಾರವೇ ಒಮ್ಮೆ ಬಾಯಿಬಿಟ್ಟು ಹೇಳಿ ಮಾಡಿತ್ತು.

ಜಿಎಸ್‌ಟಿ ಬಂದ ಮೇಲೆ ಸಿಗರೇಟಿನ ಮೇಲಿನ ದೊಡ್ಡ ಹೊರೆ ಪರಿಹಾರ ಸೆಸ್‌ನದಾಯಿತು. ಅದಕ್ಕೂ ಆರೋಗ್ಯಕ್ಕೂ ಸಂಬಂಧವಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ರಾಜ್ಯಗಳಿಗೆ ಆಗುವ ನಷ್ಟ ತುಂಬಿಕೊಡಲು ಹಾಕಿದ್ದು ಅದು. 2022ಕ್ಕೆ ಮುಗಿಯಬೇಕಿತ್ತು, ಕೋವಿಡ್ ಕಾಲದಲ್ಲಿ ಆ ಪರಿಹಾರಕ್ಕಾಗಿ ಮಾಡಿದ ಸಾಲ ತೀರಿಸಲು ಮುಂದುವರಿಯಿತು. ಹೀಗೆ ವರ್ಷಗಟ್ಟಲೆ ಸಿಗರೇಟು ಸೇದಿದವನು ಸೆಸ್ ರೂಪದಲ್ಲಿ ಕಟ್ಟಿದ್ದು ಸಾಲದ ಕಂತು. ಈಗ ಬಂದಿರುವ ಅಬಕಾರಿ ಸುಂಕದಲ್ಲಿ ರಾಜ್ಯಗಳಿಗೆ ಪಾಲು ಇದೆ ಎಂಬುದು ಸಮಾಧಾನದ ಸಂಗತಿ, ಏಕೆಂದರೆ ಆಸ್ಪತ್ರೆಗಳನ್ನು ನಡೆಸುವುದು ರಾಜ್ಯ. ಆದರೆ ಆ ಪಾಲನ್ನು ಆರೋಗ್ಯಕ್ಕೇ ಖರ್ಚು ಮಾಡಬೇಕೆಂಬ ಕಟ್ಟುಪಾಡಿಲ್ಲ. ಪಾನ್ ಮಸಾಲಾ ತಯಾರಿಕೆಯ ಮೇಲೆ ಹಾಕಿರುವ ಹೊಸ ಸೆಸ್‌ನ ಹೆಸರಿನಲ್ಲಿ ಆರೋಗ್ಯವೂ ಇದೆ, ರಾಷ್ಟ್ರೀಯ ಭದ್ರತೆಯೂ ಇದೆ.

ತಂಬಾಕಿನಿಂದ ಬರುವ ಕಾಯಿಲೆ ಮತ್ತು ಅಕಾಲ ಮರಣಗಳಿಂದ 2017–18ರಲ್ಲಿ ದೇಶಕ್ಕೆ ಆದ ಒಟ್ಟು ನಷ್ಟ 1,77,341 ಕೋಟಿ ರೂಪಾಯಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಅಧ್ಯಯನ ಲೆಕ್ಕ ಹಾಕಿದೆ. ಆ ವರ್ಷದ ಒಟ್ಟು ದೇಶೀಯ ಉತ್ಪನ್ನದ ಶೇ 1ಕ್ಕಿಂತ ಹೆಚ್ಚು. ಅದರಲ್ಲಿ ನಿಮ್ಮ ತಂದೆಯವರ ಇನ್‌ಹೇಲರಿನ ಖರ್ಚೂ, ನೀವು ರಜೆ ಹಾಕಿ ಅವರನ್ನು ಮೈಸೂರಿಗೆ ಕರೆದೊಯ್ದ ದಿನಗಳೂ ಸೇರುವಂಥವು.

ಹಣವನ್ನು ನಿಜಕ್ಕೂ ಆರೋಗ್ಯಕ್ಕೆ ಕಟ್ಟಿಹಾಕಿ ತೋರಿಸಿದ ದೇಶ ಬೇಕೆಂದರೆ ಫಿಲಿಪ್ಪೀನ್ಸ್ ನೋಡಬೇಕು. ಅದು ಶ್ರೀಮಂತ ದೇಶವಲ್ಲ, ಅಲ್ಲಿಯೂ ತಂಬಾಕು ಬೆಳೆಯುವ ರೈತರಿದ್ದಾರೆ, ಅಲ್ಲಿಯೂ ಸಿಗರೇಟನ್ನು ಬಿಡಿಬಿಡಿಯಾಗಿ ಮಾರುತ್ತಾರೆ. 2012ರವರೆಗೆ ಅಲ್ಲಿ ಅಗ್ಗದ ಸಿಗರೇಟಿಗೆ ಪ್ಯಾಕಿಗೆ ಮೂರು ಪೆಸೊಗೂ ಕಡಿಮೆ ತೆರಿಗೆ, ದುಬಾರಿಯದಕ್ಕೆ ಹತ್ತಾರು ಪೆಸೊ. ಬಡವ ಅಗ್ಗದ್ದಕ್ಕೆ ಜಾರುತ್ತಲೇ ಇದ್ದ. ಆ ವರ್ಷ ಡಿಸೆಂಬರಿನಲ್ಲಿ ಸೆನೆಟ್‌ನಲ್ಲಿ ಪರವಾಗಿ 10, ವಿರುದ್ಧವಾಗಿ 9 ಮತ ಬಿದ್ದು, ಒಂದೇ ಒಂದು ಮತದ ಅಂತರದಲ್ಲಿ, ಅಂತಿಮ ಮಸೂದೆ ಪಾರಾಯಿತು. ಅಗ್ಗದ್ದಕ್ಕೆ 2013ರಲ್ಲಿ 12 ಪೆಸೊ, 2017ರ ಹೊತ್ತಿಗೆ ಎಲ್ಲ ಸಿಗರೇಟಿಗೂ ಒಂದೇ ದರ, 30 ಪೆಸೊ, ಮುಂದೆ ವರ್ಷವರ್ಷವೂ ಏರಿಕೆ ಎಂದು ಕಾಯ್ದೆಯಲ್ಲೇ ಬರೆದರು. ಪ್ರತಿ ಬಜೆಟ್ಟಿನಲ್ಲೂ ಸಿಗರೇಟು ಕಂಪನಿಗಳೊಂದಿಗೆ ಹಗ್ಗಜಗ್ಗಾಟ ಬೇಡವೆಂದು ಮಾಡಿದ ಈ ಏರ್ಪಾಡನ್ನು ನಾನು ಬಹಳ ಮೆಚ್ಚುತ್ತೇನೆ.

ಹಣದ ಹಂಚಿಕೆಯೂ ಕಾಯ್ದೆಯಲ್ಲೇ ಇತ್ತು. ಹೆಚ್ಚುವರಿ ಆದಾಯದಲ್ಲಿ ಮೊದಲು ತಂಬಾಕು ಬೆಳೆಯುವ ಪ್ರಾಂತ್ಯಗಳ ಪಾಲು ತೆಗೆದಿಟ್ಟು, ಉಳಿದುದರಲ್ಲಿ ಶೇ 80 ಎಲ್ಲರಿಗೂ ಆರೋಗ್ಯ ಸೇವೆ ತಲುಪಿಸುವ ಯೋಜನೆಗೆ, ಶೇ 20 ಬಡವರ ಚಿಕಿತ್ಸಾ ನೆರವಿಗೆ ಮತ್ತು ಆಸ್ಪತ್ರೆಗಳನ್ನು ಸುಧಾರಿಸಲು. ಸರ್ಕಾರವೇ ಕಂತು ಕಟ್ಟಿ ವಿಮೆ ಮಾಡಿಸಿದ ಬಡ ಕುಟುಂಬಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸುಮಾರು 52 ಲಕ್ಷದಿಂದ ಒಂದೂವರೆ ಕೋಟಿಯ ಹತ್ತಿರಕ್ಕೆ ಹೋಯಿತು. 2009ರಲ್ಲಿ ವಯಸ್ಕರಲ್ಲಿ ಸುಮಾರು ಶೇ 30ರಷ್ಟು ಇದ್ದ ತಂಬಾಕು ಬಳಕೆ 2021ಕ್ಕೆ ಶೇ 19.5ಕ್ಕೆ ಇಳಿಯಿತು. ಬೆಲೆಯೂ ಏರಿತು, ಹಣವೂ ಬಂತು, ಸೇದುವವರೂ ಇಳಿದರು, ಒಂದೇ ದೇಶದಲ್ಲಿ. ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಿ.

ಬೇರೆ ದಾರಿಯೂ ಇದೆ. ಥಾಯ್ಲೆಂಡ್ 2001ರಿಂದ ತಂಬಾಕು ಮತ್ತು ಮದ್ಯದ ಸುಂಕದ ಮೇಲೆ ಶೇ 2ರಷ್ಟು ಹೆಚ್ಚುವರಿ ವಸೂಲಿ ಮಾಡಿ ನೇರವಾಗಿ ಆರೋಗ್ಯ ಪ್ರಚಾರದ ಒಂದು ಸ್ವತಂತ್ರ ನಿಧಿಗೆ ಕೊಡುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1987ರಲ್ಲೇ ಇಂಥದ್ದನ್ನು ಮಾಡಿತ್ತು. ಆ ಹಣದಿಂದ ಅವರು ಮಾಡಿದ ಒಂದು ಕೆಲಸವೆಂದರೆ, ಕ್ರೀಡಾ ತಂಡಗಳಿಗೆ ಸಿಗರೇಟು ಕಂಪನಿಗಳು ಕೊಡುತ್ತಿದ್ದ ಪ್ರಾಯೋಜಕತ್ವದ ಜಾಗದಲ್ಲಿ ತಾವೇ ಹಣ ಕೊಟ್ಟು ಆ ಕಂಪನಿಗಳ ಹೆಸರನ್ನು ಮೈದಾನದಿಂದ ಹೊರಗೆ ಹಾಕಿದ್ದು. ಮುಂದೆ 1997ರಲ್ಲಿ ರಾಜ್ಯಗಳು ಇಂಥ ಶುಲ್ಕ ಹಾಕುವಂತಿಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ತೀರ್ಪು ಕೊಟ್ಟಿತು, ವಿಕ್ಟೋರಿಯಾದ ಆ ನಿಧಿ ಸರ್ಕಾರದ ಬಜೆಟ್ಟಿನ ನೆರಳಿಗೆ ಬಂತು.

ಅದೇ ಆಸ್ಟ್ರೇಲಿಯಾ ಈಗ ಇನ್ನೊಂದು ಪಾಠ ಕಲಿಸುತ್ತಿದೆ. ಮುಚ್ಚಿಡದೆ ಹೇಳುತ್ತೇನೆ. ಅಲ್ಲಿ ತೆರಿಗೆ ಎಷ್ಟು ಏರಿತೆಂದರೆ ಕಳ್ಳ ಸಾಗಣೆಯ ಸಿಗರೇಟು ಬೀದಿಬೀದಿಯ ಅಂಗಡಿಗಳಿಗೆ ಬಂತು, 2019–20ರಲ್ಲಿ 1,600 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿದ್ದ ತಂಬಾಕಿನ ಆದಾಯ ಅಲ್ಲಿಂದ ಮುಂದೆ ಕುಸಿಯುತ್ತಾ ಬಂತು. ನಮ್ಮಲ್ಲಿ ಸಿಗರೇಟು ಕಂಪನಿಗಳು ತೆರಿಗೆಯ ಪ್ರತಿ ಏರಿಕೆಗೂ ಈ ಭಯವನ್ನೇ ಮುಂದೆ ಮಾಡುತ್ತವೆ. ನಮ್ಮ ತೆರಿಗೆ ಆ ಮಟ್ಟದ ಹತ್ತಿರಕ್ಕೂ ಹೋಗಿಲ್ಲ. ಆದರೂ ಕಾರ್ಖಾನೆಯಿಂದ ಅಂಗಡಿಯವರೆಗೆ ಪ್ರತಿ ಪ್ಯಾಕಿನ ಜಾಡು ಹಿಡಿಯುವ ವ್ಯವಸ್ಥೆ ತೆರಿಗೆಯ ಜೊತೆಗೇ ಬರಬೇಕು, ಆಮೇಲೆ ಅಲ್ಲ.

‘ಬಡವನ ಜೇಬಿಗೆ ಕತ್ತರಿ’ ಎಂಬ ಮಾತಿಗೆ ಬರುತ್ತೇನೆ. ಬಿಡಲಾರದ ಬಡವನ ಮೇಲೆ ಹೊರೆ ಬೀಳುತ್ತದೆ, ಇಲ್ಲ ಎನ್ನಲಾರೆ. ಆದರೆ ಬೆಲೆ ಏರಿದಾಗ ಮೊದಲು ಕಡಿಮೆ ಮಾಡುವವನೂ ಬಡವನೇ, ಹಣವಿದ್ದವನಿಗೆ ಎರಡು ರೂಪಾಯಿ ಲೆಕ್ಕಕ್ಕಿಲ್ಲ. ತಂಬಾಕಿಗೆ ಖರ್ಚು ಮಾಡುವ ಮನೆಗಳಲ್ಲಿ ಹಾಲು, ಮಕ್ಕಳ ಓದು ಇವುಗಳ ಖರ್ಚು ಕಡಿಮೆಯಾಗುತ್ತದೆ ಎಂದು ನಮ್ಮ ದೇಶದ ಮನೆಖರ್ಚಿನ ಸಮೀಕ್ಷೆಗಳೇ ತೋರಿಸಿವೆ. ಅನ್ಯಾಯವಾಗುವುದು ಯಾವಾಗ? ಅವನಿಂದ ಹಣ ಪಡೆದು, ಬಿಡಲು ಅವನಿಗೆ ಏನೂ ಸಹಾಯ ಮಾಡದಿದ್ದಾಗ. ಬಿಡಲು ನೆರವಾಗುವ ನಿಕೋಟಿನ್ ಗಮ್ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗಬೇಕು, ಅದರ ಜೊತೆ ಕುಳಿತು ಮಾತನಾಡುವ ಆಪ್ತಸಮಾಲೋಚಕರೊಬ್ಬರು ಇರಬೇಕು. ಸಿಗರೇಟಿನ ತೆರಿಗೆಯಲ್ಲಿ ಒಂದು ಪಾಲನ್ನು ಕಾಯ್ದೆಯಿಂದಲೇ ಕಟ್ಟಿಹಾಕಬೇಕು ಎನ್ನುವುದಾದರೆ ನನ್ನ ಮೊದಲ ಬೇಡಿಕೆ ಇದು. ಸೇದುವವರು ಇಳಿದಂತೆ ಈ ಖರ್ಚೂ ಇಳಿಯುತ್ತದೆ, ಆದ್ದರಿಂದ ಆದಾಯ ಬತ್ತಿದರೂ ಯಾರ ಸಂಬಳವೂ ನಿಲ್ಲುವುದಿಲ್ಲ.

ಎರಡನೆಯ ಪಾಲು ನಿಮ್ಮ ಅಣ್ಣನವರಂಥವರಿಗೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ. ಹಾಗಾಗಿ ಇಲ್ಲಿ ತೆರಿಗೆ ಏರಿದ ಮರುದಿನವೇ ಹರಾಜು ಕಟ್ಟೆಯಲ್ಲಿ ದರ ಬೀಳುತ್ತದೆ ಎಂದು ಹೆದರಬೇಕಿಲ್ಲ. ಆದರೆ ಕೊಳ್ಳುವ ದೇಶಗಳಲ್ಲೂ ಸೇದುವವರು ಕಡಿಮೆಯಾಗುತ್ತಿದ್ದಾರೆ. ಸೊಪ್ಪು ಹದಮಾಡುವ ಬ್ಯಾರನ್‌ಗೆ ಸೌದೆ ಹೊಂದಿಸಿ, ರಾತ್ರಿಯೆಲ್ಲ ಎದ್ದು ಬೆಂಕಿಯ ಹದ ನೋಡಿ, ಸಾಲ ಮಾಡಿ ಬೆಳೆಯುವ ಈ ಬೆಳೆಯಿಂದ ಹೊರಬರಲು ರೈತನಿಗೆ ಭಾಷಣ ಸಾಲದು. ತಂಬಾಕಿಗಿರುವಂತೆ ಹರಾಜು ಮಾರುಕಟ್ಟೆ, ಖಚಿತ ಖರೀದಿದಾರ ಮತ್ತೊಂದು ಬೆಳೆಗೂ ಇರಬೇಕು. ಅದಕ್ಕೆ ನಾಲ್ಕೈದು ವರ್ಷ ಹಣ ಹಾಕಬೇಕು.

ಕೊನೆಯದಾಗಿ ನಿಮ್ಮ ತಂದೆಯವರು. ಅವರು ಇನ್ನೂ ಸೇದುತ್ತಿದ್ದಾರೋ ಬಿಟ್ಟಿದ್ದಾರೋ ನೀವು ಬರೆದಿಲ್ಲ. ಸೇದುತ್ತಿದ್ದರೆ, ‘ಇಷ್ಟು ವರ್ಷ ಆಯಿತು, ಇನ್ನು ಬಿಟ್ಟು ಏನು’ ಎಂಬ ಮಾತಿಗೆ ಕಿವಿಗೊಡಬೇಡಿ. ಹಾಳಾದ ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಆದರೆ ಬಿಟ್ಟ ಮೇಲೆ ಅದು ಹಾಳಾಗುವ ವೇಗ ಯಾವ ವಯಸ್ಸಿನಲ್ಲೂ ತಗ್ಗುತ್ತದೆ. ಬೀಡಿ, ಸಿಗರೇಟು ಬಿಡಲು ನೆರವಾಗುವ ಉಚಿತ ರಾಷ್ಟ್ರೀಯ ದೂರವಾಣಿ ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಳಿತ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತನಾಡುತ್ತಾರೆ. ಮೊದಲ ಸಲ ಕರೆ ಮಾಡುವಾಗ ನೀವು ಪಕ್ಕದಲ್ಲಿ ಕುಳಿತಿರಿ, ಆದರೆ ಮಾತನಾಡಲು ಅವರನ್ನೇ ಬಿಡಿ.